ಮಂದದೃಷ್ಟಿ ಮತ್ತು ಮಂದಬುದ್ಧಿ: ಕರ್ಜಗಿ ಪರಿಸರದ ಶಾಲಾಮಕ್ಕಳ ಕಣ್ಣಿನ ಚರಿತ್ರೆಗೆ ಒಂದು ಪ್ರವೇಶ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಕನ್ನಡಕಕ್ಕೆ ‘ಚಾಳೀಸು’ ಎಂಬ ಹೆಸರಿದೆ. ನಲವತ್ತು ಎಂಬ ಅರ್ಥದ ಮರಾಠಿ ಸಂಖ್ಯಾವಾಚಕದಿಂದ ಬಂದ ಮಾತು ಇದು. ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಮಸುಕಾಗತೊಡಗುತ್ತದೆ. ಆ ವಯಸ್ಸಿನ ಹೆಸರೇ ಆ ವಯಸ್ಸಿನಲ್ಲಿ ಧರಿಸುವ ಸಾಧನದ ಹೆಸರಾಗಿ ನಿಂತಿದೆ. ಪದದ ಈ ಹುಟ್ಟಿನಲ್ಲಿ ಒಂದು ಸಾಮಾಜಿಕ ನಂಬಿಕೆಯೂ ಅಡಗಿದೆ. ಕಣ್ಣು ಮಸುಕಾಗುವುದು ವಯಸ್ಸಾದವರಿಗೆ. ಕನ್ನಡಕ ಹಿರಿಯರ ಮೂಗಿನ ಮೇಲಿನ ವಸ್ತು. ಹಾಗಿದ್ದರೆ ಹತ್ತು ವರ್ಷದ ಹುಡುಗನಿಗೆ ‘ನಲವತ್ತು’ ಬರುವುದು ಹೇಗೆ? ಭಾಷೆಯೇ ಅಸಾಧ್ಯವೆಂದು ಸೂಚಿಸಿದ ಈ ಸ್ಥಿತಿಯಲ್ಲಿ ಅನೇಕ ಮಕ್ಕಳು ಶಾಲೆಯ ಚಾಪೆಯ ಮೇಲೆ ಕುಳಿತು ಕಲಿಯಬೇಕಾಯಿತು. ದೃಷ್ಟಿಯ ದೋಷವನ್ನು ಬುದ್ಧಿಯ ದೋಷವೆಂದು ಓದಿದ ಪ್ರಕ್ರಿಯೆಯನ್ನು ಭಾಷೆ, ಆಹಾರ, ಲಿಪಿ ಹಾಗೂ ಶಾಲೆಯ ಪದ್ಧತಿಗಳ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ

ಕರ್ಜಗಿ ಇಂದು ಹಾವೇರಿ ತಾಲೂಕಿನ ಒಂದು ಗ್ರಾಮ. ಹುಬ್ಬಳ್ಳಿ–ಹರಿಹರ ರೈಲು ಮಾರ್ಗದಲ್ಲಿ ಸವಣೂರು ಮತ್ತು ಹಾವೇರಿ ನಿಲ್ದಾಣಗಳ ನಡುವೆ ಅದರ ಹೆಸರಿನ ನಿಲ್ದಾಣವಿದೆ. ಬ್ರಿಟಿಷರ ಕಾಲದಲ್ಲಿ ಈ ಹೆಸರಿಗೆ ಇನ್ನೂ ಹೆಚ್ಚಿನ ವ್ಯಾಪ್ತಿಯಿತ್ತು. ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಕರ್ಜಗಿ ಒಂದು ತಾಲೂಕಾಗಿತ್ತು; ಹಾವೇರಿ ಆ ತಾಲೂಕಿನ ಕಚೇರಿಯಿದ್ದ ಪಟ್ಟಣ. 1956ರಲ್ಲಿ ಧಾರವಾಡ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಜೋಳ, ಹತ್ತಿ ಮತ್ತು ಮೆಣಸಿನಕಾಯಿಯ ಈ ಸೀಮೆಯಲ್ಲಿ ಕರ್ಜಗಿಯ ಕಾರಹುಣ್ಣಿಮೆ ಹೆಸರಾದುದು. ಎತ್ತು ಕೊಳ್ಳುವಾಗ ಸುಳಿ, ಹಲ್ಲು, ಗೊರಸು, ಕಣ್ಣು ಇವೆಲ್ಲವನ್ನೂ ಪರೀಕ್ಷಿಸುವ ಒಕ್ಕಲುತನದ ಸಮಾಜವಿದು. ಅದೇ ಸಮಾಜದಲ್ಲಿ ಶಾಲೆಗೆ ಹೋಗುವ ಮಗುವಿನ ಕಣ್ಣನ್ನು ಅಳೆದು ನೋಡುವ ಪದ್ಧತಿ ಬಹುಕಾಲ ಇರಲಿಲ್ಲ. ಇದನ್ನು ಅಕ್ಕರೆಯ ಕೊರತೆ ಎನ್ನಲಾಗದು. ಮಗುವಿನ ಕಣ್ಣಿನ ಬಗೆಗೆ ಅಪಾರ ಕಾಳಜಿಯಿತ್ತು. ಆ ಕಾಳಜಿ ಯಾವುದನ್ನು ಕಂಡಿತು, ಯಾವುದನ್ನು ಕಾಣದೆ ಹೋಯಿತು ಎಂಬುದೇ ಇಲ್ಲಿಯ ಪ್ರಶ್ನೆ.

ಹೆಸರಿದ್ದ ಬೇನೆಗಳು, ಹೆಸರಿಲ್ಲದ ಬೇನೆ

ಕಣ್ಣಿನ ಬೇನೆಗಳಿಗೆ ಕನ್ನಡದಲ್ಲಿ ಸಮೃದ್ಧವಾದ ಪದಕೋಶವಿದೆ. ಕಣ್ಣು ಕೆಂಪಾಗಿ ನೀರು ಸುರಿದರೆ ಅದು ಕಣ್ಣಬೇನೆ, ಈ ಸೀಮೆಯ ಉಚ್ಚಾರಣೆಯಲ್ಲಿ ‘ಕಣ್ಣ ಬ್ಯಾನಿ’. ರೆಪ್ಪೆಗಳ ನಡುವೆ ಅಂಟುವುದು ಪಿಸರು ಅಥವಾ ಗೀಜು. ಕರಿಗುಡ್ಡೆಯ ಮೇಲೆ ಬಿಳಿಯ ಕಲೆ ನಿಂತರೆ ‘ಕಣ್ಣಿಗೆ ಹೂ ಬಿದ್ದಿದೆ’ ಎನ್ನುತ್ತಾರೆ. ಎರಡು ಕಣ್ಣುಗಳ ನೋಟ ಒಂದೆಡೆ ಕೂಡದಿದ್ದರೆ ಮೆಳ್ಳೆಗಣ್ಣು. ಮುಪ್ಪಿನಲ್ಲಿ ಬರುವುದು ಪೊರೆ ಅಥವಾ ಮೋತಿಬಿಂದು. ಸಂಜೆಯಾದೊಡನೆ ಕಾಣದಾದರೆ ಇರುಳುಗಣ್ಣು. ಪರರ ನೋಟದಿಂದ ತಾಗುವುದು ‘ನೆದರು’ ಅಥವಾ ‘ದೃಷ್ಟಿ’.

ಈ ಪದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಇವುಗಳಲ್ಲಿ ಬಹುಪಾಲು ಎದುರಿಗೆ ನಿಂತವರಿಗೆ ಕಾಣುವ ಲಕ್ಷಣಗಳ ಹೆಸರುಗಳು. ಕೆಂಪು, ಪಿಸರು, ಬಿಳಿಯ ಹೂ, ಓರೆಯ ನೋಟ ಇವೆಲ್ಲ ತಾಯಿಯ ಕಣ್ಣಿಗೆ ಬೀಳುವಂಥವು. ಇರುಳುಗಣ್ಣು ಹೊರಗೆ ಕಾಣದಿದ್ದರೂ ಎಡವುವ ನಡೆಯಿಂದ, ಗಂಗಾಳದಲ್ಲಿಯ ಅನ್ನಕ್ಕೆ ತಡಕಾಡುವ ಕೈಯಿಂದ ಮನೆಯವರಿಗೆ ತಿಳಿಯುತ್ತದೆ. ಹೊರನೋಟಕ್ಕೆ ಕಣ್ಣು ಚೆನ್ನಾಗಿದ್ದು, ದೂರದ ಸಣ್ಣ ಗೆರೆ ಮಾತ್ರ ಮಸುಕಾಗುವ ಸ್ಥಿತಿಗೆ ಈ ಪದಕೋಶದಲ್ಲಿ ಸ್ವತಂತ್ರ ಹೆಸರಿಲ್ಲ. ‘ಮಬ್ಬು’, ‘ಮಂಜು’, ‘ಮಸುಕು’ ಎಂಬ ಮಾತುಗಳು ಮುದುಕರ ಕಣ್ಣಿಗೆ ಸಲ್ಲುತ್ತಿದ್ದವು. ಮಗುವಿಗಂತೂ ತನಗೆ ಕಾಣುವುದೇ ಎಲ್ಲರಿಗೂ ಕಾಣುವುದು. ಹುಟ್ಟಿದಾಗಿನಿಂದ ಮಸುಕಾದ ಲೋಕವನ್ನೇ ಕಂಡವನು ಅದನ್ನು ಬೇನೆಯೆಂದು ದೂರುವುದಿಲ್ಲ. ಹೊಲದಲ್ಲಿ ಎತ್ತು ಹೊಡೆಯುವುದಕ್ಕೆ, ದನ ಕಾಯುವುದಕ್ಕೆ, ಕಳೆ ಕೀಳುವುದಕ್ಕೆ ಆ ದೃಷ್ಟಿ ಸಾಕಾಗುತ್ತಿತ್ತು. ಹೀಗಾಗಿ ದೋಷವು ಮನೆಯಲ್ಲಿ ಪ್ರಕಟವಾಗುತ್ತಿರಲಿಲ್ಲ. ಅದು ಪ್ರಕಟವಾಗುತ್ತಿದ್ದುದು ಶಾಲೆಯಲ್ಲಿ, ಅದೂ ಬೇರೆಯ ಹೆಸರಿನಲ್ಲಿ.

ಶಾಸ್ತ್ರೀಯ ಪರಿಭಾಷೆಯೂ ಈ ತೊಡಕನ್ನು ಪೂರ್ತಿಯಾಗಿ ಬಿಡಿಸಲಿಲ್ಲ. ‘ದೂರದೃಷ್ಟಿ’ ಎಂಬುದು ಸಾಮಾನ್ಯ ಕನ್ನಡದಲ್ಲಿ ವಿವೇಕಿಯ ಗುಣ. ವಿಜ್ಞಾನದ ಪಠ್ಯದಲ್ಲಿ ಅದು ಹತ್ತಿರದ ವಸ್ತು ಕಾಣದಿರುವ ದೋಷ. ‘ಸಮೀಪದೃಷ್ಟಿ’ ಎಂದರೆ ಸಮೀಪದ ನೋಟದಲ್ಲಿಯೇ ದೋಷವೆಂದು ಭಾವಿಸುವವರುಂಟು. ಅದು ಸಮೀಪದ್ದು ಕಂಡು ದೂರದ್ದು ಕಾಣದ ಸ್ಥಿತಿ. ಇನ್ನು ‘ದೃಷ್ಟಿಮಾಂದ್ಯ’ ಎಂಬ ಪದದಲ್ಲಿರುವ ‘ಮಂದ’ ಎಂಬ ವಿಶೇಷಣವೇ ‘ಮಂದಮತಿ’, ‘ಮಂದಬುದ್ಧಿ’ ಎಂಬ ಪದಗಳಲ್ಲಿಯೂ ಇದೆ. ಕಣ್ಣಿನ ಮಾಂದ್ಯವು ಬುದ್ಧಿಯ ಮಾಂದ್ಯವಾಗಿ ಜಾರುವುದಕ್ಕೆ ಭಾಷೆಯಲ್ಲಿ ಹೆಚ್ಚು ದೂರವಿರಲಿಲ್ಲ.

ಇರುಳುಗಣ್ಣು: ತಟ್ಟೆಯಲ್ಲಿ ಹುಟ್ಟಿದ ಕತ್ತಲು

ಹೆಸರಿದ್ದ ಬೇನೆಗಳಲ್ಲಿ ಮಕ್ಕಳ ಮಟ್ಟಿಗೆ ಅತ್ಯಂತ ಗಂಭೀರವಾದುದು ಇರುಳುಗಣ್ಣು. ಮಂದ ಬೆಳಕನ್ನು ಗ್ರಹಿಸುವ ಅಕ್ಷಿಪಟಲದ ವರ್ಣದ್ರವ್ಯವು ‘ಎ’ ಜೀವಸತ್ವದಿಂದ ರೂಪುಗೊಳ್ಳುತ್ತದೆ. ಆ ಸತ್ವ ಕುಂದಿದಾಗ ಮೊದಲು ಸಂಜೆಯ ನೋಟ ಹೋಗುತ್ತದೆ. ಬಳಿಕ ಬಿಳಿಗುಡ್ಡೆ ಒಣಗಿ ಅದರ ಮೇಲೆ ನೊರೆಯಂತಹ ಮಚ್ಚೆಗಳು ಮೂಡುತ್ತವೆ. ಕೊನೆಗೆ ಕರಿಗುಡ್ಡೆ ಮೆತ್ತಗಾಗಿ ಹುಣ್ಣಾದರೆ ಕಣ್ಣು ಶಾಶ್ವತವಾಗಿ ಹೋಗಬಹುದು. ಮೊದಲ ಹಂತದಲ್ಲಿ ಸರಿಯಾದ ಆಹಾರ ಅಥವಾ ಔಷಧ ದೊರೆತರೆ ನೋಟ ಮರಳುತ್ತದೆ. ಕೊನೆಯ ಹಂತದಲ್ಲಿ ಮರಳುವುದಿಲ್ಲ.

ಜೋಳದ ರೊಟ್ಟಿ ಮತ್ತು ಕಾರದ ಊಟ ಹಸಿವನ್ನು ತಣಿಸುತ್ತದೆಯಾದರೂ ಜೋಳದಲ್ಲಿ ಈ ಸತ್ವ ತೀರ ಕಡಿಮೆ. ಹಾಲು, ಬೆಣ್ಣೆ, ಮೊಟ್ಟೆ ಬಡವರ ಮಕ್ಕಳಿಗೆ ದಿನವೂ ದೊರೆಯುವ ವಸ್ತುಗಳಾಗಿರಲಿಲ್ಲ. ಆದರೆ ಇದೇ ಸೀಮೆಯ ಹೊಲದ ಬದುಗಳಲ್ಲಿ, ಹಿತ್ತಿಲುಗಳಲ್ಲಿ ಪರಿಹಾರವೂ ಬೆಳೆಯುತ್ತಿತ್ತು. ನುಗ್ಗೆಯ ಸೊಪ್ಪು, ರಾಜಗಿರಿ, ಮೆಂತ್ಯೆ ಮೊದಲಾದ ಹಸಿರು ಪಲ್ಯೆಗಳಲ್ಲಿ ದೇಹವು ‘ಎ’ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವ ಕ್ಯಾರೊಟಿನ್ ಧಾರಾಳವಾಗಿದೆ. ಅದು ರಕ್ತಕ್ಕೆ ಸೇರಲು ಸ್ವಲ್ಪ ಎಣ್ಣೆಯೂ ಬೇಕು. ರೊಟ್ಟಿಯೊಂದಿಗೆ ಪಲ್ಯೆ ಮತ್ತು ಅಗಸಿಯ ಇಲ್ಲವೆ ಶೇಂಗಾದ ಹಿಂಡಿ ಬಡಿಸುವ ಊಟದ ಕ್ರಮ ಈ ದೃಷ್ಟಿಯಿಂದ ಸಮರ್ಪಕವಾದುದು. ಬರಗಾಲದಲ್ಲಿ ಮತ್ತು ಬೇಸಗೆಯಲ್ಲಿ ಹಸಿರು ಮಾಯವಾದಾಗ ಆ ಸಮತೋಲ ತಪ್ಪುತ್ತಿತ್ತು. ಎಳೆಯ ಮಕ್ಕಳಿಗೆ ಸೊಪ್ಪು ‘ಜೀರ್ಣವಾಗದು’ ಎಂಬ ಭಾವನೆಯಿದ್ದ ಮನೆಗಳಲ್ಲಿ ಹಸಿರಿದ್ದೂ ಅದು ಮಗುವಿನ ತುತ್ತಿಗೆ ಬರುತ್ತಿರಲಿಲ್ಲ.

ಇಂತಹ ಮಗುವಿಗೆ ದಡಾರ, ಅಂದರೆ ಈ ಭಾಗದ ‘ಗೊಬ್ಬರ’, ಬಂದರೆ ಅಪಾಯ ಇಮ್ಮಡಿಸುತ್ತಿತ್ತು. ದಡಾರವು ದೇಹದಲ್ಲಿ ಉಳಿದಿದ್ದ ಸತ್ವವನ್ನೂ ಬರಿದುಮಾಡುತ್ತದೆ. ಅದೇ ಹೊತ್ತಿನಲ್ಲಿ ತಂಪಿಗೆಂದು ಎಲೆಯ ರಸವನ್ನೋ ಎದೆಹಾಲನ್ನೋ ಕಣ್ಣಿಗೆ ಹಿಂಡುವ ರೂಢಿಯಿಂದ ಸೋಂಕು ಸೇರಿ ‘ಹೂ’ ಬೀಳುತ್ತಿತ್ತು. ಸಿಡುಬು ಕೂಡ ಕಣ್ಣುಗಳನ್ನು ಕಸಿದ ಮುಖ್ಯ ರೋಗ. 1975ರಲ್ಲಿ ಭಾರತದಲ್ಲಿ ಅದು ಕೊನೆಗಂಡ ಮೇಲೆ ಅಂಧತ್ವದ ಒಂದು ದಾರಿಯೇ ಮುಚ್ಚಿತು. ಒಂದೇ ಕಾಡಿಗೆಯ ಬಟ್ಟಲು, ಒಂದೇ ಸೆರಗಿನ ತುದಿ ಮನೆಯ ಎಲ್ಲ ಮಕ್ಕಳ ಕಣ್ಣಿಗೂ ತಾಗುತ್ತಿದ್ದುದರಿಂದ ಅಂಟುಬೇನೆಗಳು ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ದಾಟುತ್ತಿದ್ದವು. ಇವೆಲ್ಲವೂ ಅಕ್ಕರೆಯಿಂದಲೇ ಮಾಡಿದ ಕೆಲಸಗಳೆಂಬುದನ್ನು ಮರೆಯಬಾರದು.

ಐಗಳ ಮಠದಿಂದ ಕರಿಹಲಗೆಗೆ

ಮೇಲಿನವು ದೇಹದ ಬೇನೆಗಳು. ಹೆಸರಿಲ್ಲದ ಆ ಇನ್ನೊಂದು ದೋಷ, ಎಂದರೆ ದೂರದ ಮಸುಕು, ಒಂದು ಸಮಸ್ಯೆಯಾದುದಕ್ಕೆ ಶಾಲೆಯ ಸ್ವರೂಪದ ಬದಲಾವಣೆಯೂ ಕಾರಣ.

ಐಗಳ ಮಠ ಅಥವಾ ಗಾಂವಠಿ ಶಾಲೆಯಲ್ಲಿ ಕಲಿಕೆ ಮುಖ್ಯವಾಗಿ ಕಿವಿ, ಬಾಯಿ ಮತ್ತು ಕೈಗಳದಾಗಿತ್ತು. ಮಗ್ಗಿಯನ್ನು ಒಕ್ಕೊರಲಿನಿಂದ ಹೇಳಲಾಗುತ್ತಿತ್ತು. ಹಲಗೆಯ ಮೇಲೆ ಹರಡಿದ ಧೂಳು ಅಥವಾ ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದಲಾಗುತ್ತಿತ್ತು. ಐಗಳೋ ಹಿರಿಯ ಹುಡುಗನೋ ಪಕ್ಕದಲ್ಲಿ ಕುಳಿತು ಕೈಹಿಡಿದು ಬರೆಯಿಸುತ್ತಿದ್ದರು. ಅಕ್ಷರವು ಕಣ್ಣಿನಿಂದ ಒಂದು ಮೊಳದ ಒಳಗೇ ಇರುತ್ತಿತ್ತು. ಎರಡು ಡಯಾಪ್ಟರ್ ಸಮೀಪದೃಷ್ಟಿ ದೋಷವುಳ್ಳ ಕಣ್ಣಿಗೆ ಅರ್ಧ ಮೀಟರಿನವರೆಗೆ ಎಲ್ಲವೂ ಸ್ಫುಟ. ಆದ್ದರಿಂದ ಅಂತಹ ಹುಡುಗ ಐಗಳ ಮಠದಲ್ಲಿ ಉಳಿದವರಿಗೆ ಸರಿಸಮನಾಗಿಯೇ ಕಲಿಯಬಲ್ಲವನಾಗಿದ್ದ.

1854ರ ವುಡ್ ನಿರೂಪದ ತರುವಾಯ 1855ರಲ್ಲಿ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ ರೂಪುಗೊಂಡಿತು. ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ನೆಲೆಗೊಳಿಸಲು ಡೆಪ್ಯುಟಿ ಚನ್ನಬಸಪ್ಪನವರಂಥವರು ಶ್ರಮಿಸಿದರು. ಕನ್ನಡಕ್ಕೆ ಅದು ಮಹೋಪಕಾರ. ಹೊಸ ಶಾಲೆಯೊಂದಿಗೆ ಇಯತ್ತೆಗಳ ವಿಂಗಡಣೆ, ತರಬೇತಾದ ಮಾಸ್ತರು, ಅಚ್ಚಾದ ಪುಸ್ತಕ, ಪಾಟಿ ಮತ್ತು ಕರಿಹಲಗೆ ಬಂದವು. ಒಬ್ಬ ಮಾಸ್ತರು ಏಕಕಾಲಕ್ಕೆ ನಾಲ್ವತ್ತು ಮಕ್ಕಳಿಗೆ ಕಲಿಸುವುದು ಕರಿಹಲಗೆಯಿಂದ ಸಾಧ್ಯವಾಯಿತು. ಆದರೆ ಅಕ್ಷರವು ಮೊಳದ ದೂರದಿಂದ ಹತ್ತು ಹನ್ನೆರಡು ಮೊಳದ ದೂರಕ್ಕೆ ಸರಿಯಿತು. ಕಲಿಕೆಯ ಭಾರ ಕಿವಿಯಿಂದ ಕಣ್ಣಿಗೆ, ಹತ್ತಿರದಿಂದ ದೂರಕ್ಕೆ ವರ್ಗವಾಯಿತು. ಐಗಳ ಮಠದಲ್ಲಿ ಮರೆಯಾಗಿದ್ದ ದೋಷ ಈಗ ‘ನಪಾಸು’ ಎಂಬ ರೂಪದಲ್ಲಿ ಹೊರಬಿತ್ತು. ಪಾಠ ಬಾರದವನನ್ನು ಹಿಂದಿನ ಸಾಲಿಗೆ ಕಳಿಸುವ ರೂಢಿ ಇದಕ್ಕೆ ಸೇರಿತು. ಕಾಣದ್ದರಿಂದ ತಪ್ಪಿದವನನ್ನು ಇನ್ನೂ ಕಾಣದ ಜಾಗಕ್ಕೆ ಕಳಿಸಿದಂತಾಯಿತು.

ಹಳೆಯ ಶಾಲೆ ಉತ್ತಮ, ಹೊಸದು ಕೆಟ್ಟದು ಎಂಬ ತೀರ್ಮಾನಕ್ಕೆ ಇದು ಆಧಾರವಾಗದು. ಐಗಳ ಮಠಕ್ಕೆ ಪ್ರವೇಶವೇ ಇಲ್ಲದಿದ್ದ ಜಾತಿಗಳ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸರಕಾರಿ ಶಾಲೆ ಕ್ರಮೇಣ ಬಾಗಿಲು ತೆರೆಯಿತು. ಹೊಸ ಸಾಧನವೊಂದು ಬಂದಾಗ ಅದು ಕಣ್ಣಿನ ಮೇಲೆ ಹೊರಿಸುವ ಹೊಸ ಬೇಡಿಕೆಯನ್ನು ಶಾಲೆಯು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದಷ್ಟೇ ಇಲ್ಲಿಯ ವಾದ.

ಲಿಪಿಯ ಸಾಕ್ಷ್ಯ

ಕನ್ನಡ ಲಿಪಿಯ ಸ್ವರೂಪವು ಈ ಬೇಡಿಕೆಯನ್ನು ಮತ್ತಷ್ಟು ಸೂಕ್ಷ್ಮಗೊಳಿಸುತ್ತದೆ. ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ‘ಧ’ದ ಹೊಟ್ಟೆಯಲ್ಲಿ ಒಂದು ಚುಕ್ಕೆಯಿಟ್ಟರೆ ‘ಥ’. ‘ರ’ದ ಹೊಟ್ಟೆಯಲ್ಲಿಟ್ಟರೆ ‘ಠ’. ‘ಪ’ ಮತ್ತು ‘ಷ’ಗಳನ್ನು ಬೇರ್ಪಡಿಸುವುದು ಒಳಗಿನ ಒಂದು ಎಳೆ. ಒತ್ತಕ್ಷರಗಳಂತೂ ಮೂಲಾಕ್ಷರಕ್ಕಿಂತ ಕಿರಿದು.

ಆರು ಮೀಟರ್ ದೂರದಲ್ಲಿ ಆರೋಗ್ಯವಂತ ಕಣ್ಣು ಸುಮಾರು 1.75 ಮಿಲಿಮೀಟರಿನ ವಿವರವನ್ನು ಬೇರ್ಪಡಿಸಿ ಗುರುತಿಸಬಲ್ಲದು. ಹದಿನೆಂಟು ಮೀಟರಿನಿಂದ ಕಾಣಬೇಕಾದುದನ್ನು ಆರು ಮೀಟರಿನಲ್ಲಿ ಮಾತ್ರ ಕಾಣಬಲ್ಲ, ಅಂದರೆ 6/18 ದೃಷ್ಟಿಯ ಕಣ್ಣಿಗೆ ಆ ವಿವರ ಮೂರು ಪಟ್ಟು, ಎಂದರೆ ಸುಮಾರು 5 ಮಿಲಿಮೀಟರ್, ಇರಬೇಕಾಗುತ್ತದೆ. ಹಲಗೆಯ ಮೇಲೆ ನಾಲ್ಕು ಸೆಂಟಿಮೀಟರ್ ಎತ್ತರವಾಗಿ ಬರೆದ ‘ಧ’ಕಾರವನ್ನು ಅಂತಹ ಮಗು ಅಕ್ಷರವೆಂದು ಕಾಣಬಲ್ಲದು, ಅದರ ಗೀಟನ್ನು ಕಾಣುವುದು ಸಂದೇಹ. ‘ಧನ’ವು ‘ದನ’ವಾಗುವುದು ಇಲ್ಲಿ.

ಇದರೊಂದಿಗೆ ಪ್ರದೇಶದ ಆಡುಮಾತನ್ನೂ ಇಟ್ಟು ನೋಡಬೇಕು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಸೀಮೆಯ ಗ್ರಾಮೀಣ ಉಚ್ಚಾರಣೆಯಲ್ಲಿ, ಕರ್ನಾಟಕದ ಇತರೆಡೆಯಂತೆಯೇ, ಮಹಾಪ್ರಾಣವು ಬಹುಮಟ್ಟಿಗೆ ಕೇಳಿಸುವುದಿಲ್ಲ. ಮನೆಯಲ್ಲಿ ‘ಧಾರವಾಡ’ವು ‘ದಾರ್ವಾಡ’. ಆದ್ದರಿಂದ ಅಲ್ಪಪ್ರಾಣ–ಮಹಾಪ್ರಾಣಗಳ ಭೇದವನ್ನು ಕಲಿಯಲು ಹಳ್ಳಿಯ ಮಗುವಿಗೆ ಕಿವಿಯ ನೆರವಿಲ್ಲ, ಕಣ್ಣೊಂದೇ ದಾರಿ. ಮಹಾಪ್ರಾಣ ಕೇಳುವ ಮನೆಯಿಂದ ಬಂದ ಮಗುವಿನ ಕಣ್ಣು ಮಸುಕಾಗಿದ್ದರೂ ಕಿವಿ ಅದನ್ನು ತಿದ್ದುತ್ತದೆ. ಅದು ಕೇಳದ ಮನೆಯ ಮಗುವಿಗೆ ಎರಡು ಬಾಗಿಲುಗಳೂ ಮುಚ್ಚಿವೆ. ಶುದ್ಧಲೇಖನದ ಆ ತಪ್ಪುಗಳಿಗೆ ದೊರೆತ ವಿವರಣೆಗಳು ‘ಉಚ್ಚಾರದೋಷ’, ‘ಅಜಾಗರೂಕತೆ’, ‘ಸಂಸ್ಕಾರದ ಕೊರತೆ’. ದೃಷ್ಟಿಯ ದೋಷವೊಂದು ಜಾತಿ, ವರ್ಗಗಳ ಶ್ರೇಣೀಕರಣದೊಂದಿಗೆ ಬೆರೆತುಹೋಗುವ ಸೂಕ್ಷ್ಮ ಸ್ಥಳ ಇದು. ಭಾಷಾ ತಪ್ಪುಗಳನ್ನು ವಿಶ್ಲೇಷಿಸುವ ಅಧ್ಯಯನಗಳು ಗಮನಿಸಬೇಕಾದ ಅಂಶವೂ ಹೌದು.

ಅಳತೆಯ ಆಗಮನ

ಕಣ್ಣಿನ ಶಕ್ತಿಯನ್ನು ಅಳೆಯುವ ಅಕ್ಷರಪಟ್ಟಿಯನ್ನು ಹಾಲೆಂಡಿನ ಸ್ನೆಲೆನ್ 1862ರಲ್ಲಿ ಪ್ರಕಟಿಸಿದನು. 1867ರಲ್ಲಿ ಹರ್ಮನ್ ಕೋನ್ ಎಂಬ ವೈದ್ಯನು ಬ್ರೆಸ್ಲೌ ನಗರ ಹಾಗೂ ಸುತ್ತಲಿನ 10,060 ಶಾಲಾಮಕ್ಕಳ ಕಣ್ಣುಗಳ ಪರೀಕ್ಷೆಯ ಫಲಿತಾಂಶವನ್ನು ಹೊರತಂದು, ತರಗತಿ ಮೇಲೇರಿದಂತೆ ಸಮೀಪದೃಷ್ಟಿ ದೋಷ ಹೆಚ್ಚುವುದನ್ನು ತೋರಿಸಿದನು. ಕರಿಹಲಗೆ ಕನ್ನಡ ಶಾಲೆಗಳಿಗೆ ಬರುತ್ತಿದ್ದ ಕಾಲದಲ್ಲಿಯೇ ಅದರ ಮುಂದೆ ಕುಳಿತವರ ಕಣ್ಣನ್ನು ಅಳೆಯುವ ವಿದ್ಯೆಯೂ ಹುಟ್ಟಿತ್ತು. ಆದರೆ ಎರಡೂ ಒಟ್ಟಿಗೆ ಪ್ರಯಾಣ ಮಾಡಲಿಲ್ಲ. ಭಾರತದಲ್ಲಿ ಶಾಲಾಮಕ್ಕಳ ವೈದ್ಯಕೀಯ ತಪಾಸಣೆ ಮೊದಲು ನಡೆದುದು 1909ರಲ್ಲಿ, ಬರೋಡಾ ನಗರದಲ್ಲಿ. ಹಳ್ಳಿಗಳಿಗೆ ಅದು ಬಹುಕಾಲ ತಲುಪಲಿಲ್ಲ. ಮುಲ್ಕಿ ಪರೀಕ್ಷೆಯವರೆಗೆ ತನ್ನ ಕಣ್ಣನ್ನು ಯಾರೂ ಅಳೆಯದ ಹುಡುಗನಿಗೆ ರೈಲ್ವೆ ಅಥವಾ ಸೈನ್ಯದ ನೌಕರಿಗೆ ಹೋದಾಗ ಮೊದಲ ಸಲ ಅಕ್ಷರಪಟ್ಟಿ ಎದುರಾಗುತ್ತಿತ್ತು. ಅಲ್ಲಿಯ ಪರೀಕ್ಷೆ ದೋಷವಿದ್ದವನನ್ನು ಹೊರಗಿಡಲು ಇದ್ದುದು, ಅವನಿಗೆ ನೆರವಾಗಲು ಅಲ್ಲ.

ಸ್ವಾತಂತ್ರ್ಯದ ಆಸುಪಾಸಿನಿಂದ ಉತ್ತರ ಕರ್ನಾಟಕದಲ್ಲಿ ‘ಕಣ್ಣಿನ ಡಾಕ್ಟರು’ ಎಂದರೆ ಡಾ. ಎಂ. ಸಿ. ಮೋದಿ. ಬೀಳಗಿಯಲ್ಲಿ 1916ರಲ್ಲಿ ಜನಿಸಿ 2005ರಲ್ಲಿ ನಿಧನರಾದ ಮೋದಿಯವರು ಊರೂರಿನಲ್ಲಿ ಉಚಿತ ಶಿಬಿರಗಳನ್ನು ನಡೆಸಿ ಲಕ್ಷಾಂತರ ಜನರ ಪೊರೆ ತೆಗೆದರು; 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು. ಕಣ್ಣಿನ ಶಿಬಿರಗಳು ಶಾಲೆ, ಮಠ, ಧರ್ಮಶಾಲೆಗಳಲ್ಲಿ ನಡೆಯುವುದು ವಾಡಿಕೆ. ಕುರುಡಾಗಿದ್ದ ಮುದುಕ ಪಟ್ಟಿ ಬಿಚ್ಚಿದಾಗ ಮೊಮ್ಮಗನ ಮುಖ ನೋಡಿದ ಅದೇ ಕೋಣೆಯಲ್ಲಿ, ಶಿಬಿರ ಮುಗಿದ ಮೇಲೆ, ಆ ಮೊಮ್ಮಗ ಮತ್ತೆ ಮಸುಕಾದ ಹಲಗೆಯ ಮುಂದೆ ಕುಳಿತಿರಬಹುದು. ಶಸ್ತ್ರಚಿಕಿತ್ಸೆಯ ಪವಾಡ ಎಲ್ಲರ ಕಣ್ಣಿಗೂ ಕಾಣುವಂಥದು. ಗಾಜಿನ ಎರಡು ಬಿಲ್ಲೆಗಳ ಪವಾಡಕ್ಕೆ ಅಂತಹ ಪ್ರೇಕ್ಷಕರಿರಲಿಲ್ಲ.

ಸಂಪೂರ್ಣ ಅಂಧತ್ವವನ್ನು ಈ ಸಮಾಜ ಗುರುತಿಸಿತ್ತು, ಅದಕ್ಕೆ ಘನತೆಯ ನೆಲೆಯನ್ನೂ ಕಲ್ಪಿಸಿತ್ತು. ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಜನಿಸಿದ ಅಂಧ ಬಾಲಕ ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಪಂಚಾಕ್ಷರಿ ಗವಾಯಿಗಳಾದರು. ಹಾವೇರಿ ತಾಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿ ಎಳವೆಯಲ್ಲಿಯೇ ಕಣ್ಣು ಕಳೆದುಕೊಂಡ ಪುಟ್ಟರಾಜ ಗವಾಯಿಗಳು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಅಂಧರ ವಿದ್ಯಾಕೇಂದ್ರವಾಗಿ ಬೆಳೆಸಿದರು. ಕಣ್ಣಿಲ್ಲದವನಿಗೆ ಆಶ್ರಮವಿತ್ತು, ಕಣ್ಣಿದ್ದವನಿಗೆ ಶಾಲೆಯಿತ್ತು. ಅರೆಗಣ್ಣಿನವನಿಗೆ ಮಾತ್ರ ಎರಡೂ ಕಡೆ ಜಾಗವಿರಲಿಲ್ಲ.

ಸರಕಾರದ ಕ್ರಮಗಳಲ್ಲಿಯೂ ಇದೇ ಅನುಕ್ರಮ ಕಾಣುತ್ತದೆ. 1970ರಲ್ಲಿ ಎಳೆಯ ಮಕ್ಕಳಿಗೆ ‘ಎ’ ಜೀವಸತ್ವದ ದ್ರಾವಣ ಕುಡಿಸುವ ರಾಷ್ಟ್ರೀಯ ಕಾರ್ಯಕ್ರಮ, 1976ರಲ್ಲಿ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭವಾದವು. ಶಾಲಾಮಕ್ಕಳ ದೃಷ್ಟಿ ತಪಾಸಣೆ ಅದರ ವ್ಯವಸ್ಥಿತ ಅಂಗವಾದುದು 1994ರಲ್ಲಿ. ಈ ತಪಾಸಣೆಯಲ್ಲಿ ಮೊದಲು ಮಕ್ಕಳನ್ನು ಗುರುತಿಸುವ ಹೊಣೆ ಶಿಕ್ಷಕರದು. ಅವರು ಗುರುತಿಸಿದ ಮಕ್ಕಳನ್ನು ನೇತ್ರ ಸಹಾಯಕರು ಪರೀಕ್ಷಿಸುತ್ತಾರೆ. ದಡ್ಡನೆಂದು ಹೆಸರಿಟ್ಟ ಸ್ಥಾನಕ್ಕೇ ಆ ಹೆಸರನ್ನು ಅಳಿಸುವ ಅಧಿಕಾರವೂ ದೊರೆತದ್ದು ಗಮನಾರ್ಹ. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ಪೋಷಣೆಯ ಕಡೆಯಿಂದ ನೆರವಾಯಿತು. ರಾಜ್ಯದ ‘ಆಶಾಕಿರಣ’ ಯೋಜನೆಯ ಮೊದಲ ಹಂತದ ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ಮನೆಮನೆಯ ತಪಾಸಣೆ ಮತ್ತು ಉಚಿತ ಕನ್ನಡಕ ವಿತರಣೆ ಇದರ ಕ್ರಮ.

ಉಪಸಂಹಾರ

ಕಾಲವನ್ನು ಕುರಿತ ಒಂದು ಮಾತು ಇಲ್ಲಿ ಅವಶ್ಯ. ಚಿಮಣಿ ಬೆಳಕಿನಲ್ಲಿ ಓದಿ ಕಣ್ಣು ಕೆಡಿಸಿಕೊಂಡರೆಂಬ ಮಾತು ಹಿಂದಿನ ತಲೆಮಾರಿನ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಂದ ಬೆಳಕು ಕಣ್ಣನ್ನು ದಣಿಸುತ್ತದೆ. ಅದರಿಂದ ಕಣ್ಣು ಶಾಶ್ವತವಾಗಿ ಕೆಡುವುದೆಂಬುದಕ್ಕೆ ಆಧಾರ ಸಾಲದು. ಬಯಲಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದನ್ನು ಈಚಿನ ಸಂಶೋಧನೆಗಳು ತೋರಿಸಿವೆ. ಆದ್ದರಿಂದ ಹೊಲದಲ್ಲಿ ಬೆಳೆದ ಅಂದಿನ ಮಕ್ಕಳಲ್ಲಿ ದೋಷವುಳ್ಳವರ ಸಂಖ್ಯೆ ಇಂದಿನ ನಗರದ ಮಕ್ಕಳಿಗಿಂತ ಕಡಿಮೆಯೇ ಇದ್ದಿರಬಹುದು. ಆದರೆ ಇದ್ದ ಕೆಲವರಿಗೆ ಪರಿಹಾರವಿರಲಿಲ್ಲ. ಮೆಳ್ಳೆಗಣ್ಣು ಅಥವಾ ಒಂದೇ ಕಣ್ಣಿನ ಮಸುಕನ್ನು ಏಳೆಂಟು ವರ್ಷದೊಳಗೆ ಸರಿಪಡಿಸದಿದ್ದರೆ ಆ ಕಣ್ಣಿನ ನೋಟವನ್ನು ಮೆದುಳು ಕಡೆಗಣಿಸಿಬಿಡುತ್ತದೆ. ನಂತರದ ಕನ್ನಡಕದಿಂದ ಅದು ಪೂರ್ತಿಯಾಗಿ ಮರಳುವುದು ಅಪರೂಪ.

ಈ ಚರಿತ್ರೆಯ ಆಕರಗಳು ವೈದ್ಯಕೀಯ ದಾಖಲೆಗಳಲ್ಲಿ ಮಾತ್ರ ಇರುವಂಥವಲ್ಲ. ಪ್ರಾದೇಶಿಕ ಪದಕೋಶ, ಗಾದೆ, ಅಡ್ಡಹೆಸರು, ಶಾಲೆಯ ಹಾಜರಿ ಹಾಗೂ ಫಲಿತಾಂಶದ ಕಡತ, ಶಿಕ್ಷಕರ ಆತ್ಮಕಥನ ಇವೆಲ್ಲವೂ ಈ ದೃಷ್ಟಿಯಿಂದ ಮರುಓದಿಗೆ ಕಾದಿವೆ. ‘ಮೂರನೆಯ ಇಯತ್ತೆಗೆ ಶಾಲೆ ಬಿಟ್ಟ’ ಎಂಬ ಒಂದು ಸಾಲಿನ ಹಿಂದೆ ಬಡತನ, ಜಾತಿ, ಬರ ಎಂಬ ಕಾರಣಗಳನ್ನು ಸಂಶೋಧಕರು ಸಾಮಾನ್ಯವಾಗಿ ಹುಡುಕುತ್ತಾರೆ; ಆ ಪಟ್ಟಿಗೆ ಕಣ್ಣನ್ನೂ ಸೇರಿಸಬೇಕಾಗಿದೆ. ಕನ್ನಡ ತರಗತಿಯಲ್ಲಿ ಅಲ್ಪಪ್ರಾಣ–ಮಹಾಪ್ರಾಣಗಳನ್ನು ಪದೇ ಪದೇ ಅದಲುಬದಲು ಮಾಡುವ ವಿದ್ಯಾರ್ಥಿಯ ಉತ್ತರಪತ್ರಿಕೆಯನ್ನು ತಿದ್ದುವ ಮುನ್ನ, ಅವನು ಕುಳಿತ ಜಾಗದಿಂದ ಹಲಗೆಯ ಮೇಲಿನ ‘ಧ’ಕಾರದ ಗೀಟು ಕಾಣುತ್ತದೆಯೇ ಎಂದು ಒಮ್ಮೆ ಕೇಳುವುದು ಭಾಷಾಬೋಧನೆಯ ಭಾಗವೇ ಆಗಿದೆ.